ಮುಯ್ಯಿಗೆ ಕೊಟ್ಟ ಎದೆ

ಅರಳಿಹಾಳದ ಐದು ಗಂಡಸರ ಎದೆ ಒಂದೇ ಗಳಿಗೆಗೆ ಹಳದಿಗೆ ತಿರುಗಿದಾಗ ದಾನಮ್ಮ ಆಗಷ್ಟೇ ಚಹಾದ ಲೋಟವನ್ನು ತುಟಿಗಿಟ್ಟಿದ್ದಳು. ಗುರುವಾರ, ಬೆಳಗಿನ ಹತ್ತು ಗಂಟೆ ಹತ್ತು ನಿಮಿಷ. ಅವಳು ಕೆಲಸ ಮಾಡುವ ಎದೆಗಾವಲು ಕೇಂದ್ರದ ಗೋಡೆಯ ತುಂಬ ಹರಡಿದ್ದ ಪರದೆಯ ಮೇಲೆ ತಾಲ್ಲೂಕಿನ ಸಾವಿರದ ಚಿಲ್ಲರೆ ಎದೆಗಳು ಹಸಿರು ಚುಕ್ಕಿಗಳಾಗಿ ಮಿಟುಕುತ್ತಿದ್ದವು. ಅವುಗಳ ನಡುವೆ ಅಕ್ಕಪಕ್ಕದ ಐದು ಚುಕ್ಕಿಗಳು ಬಣ್ಣ ಬದಲಿಸಿದ್ದವು. ಅವುಗಳಲ್ಲಿ ಮೊದಲನೆಯದು ಅವಳ ಸ್ವಂತ ತಮ್ಮ ಗುರಪಾದನದು. ಲೋಟ ಕೆಳಗಿಟ್ಟಳು.

ಎದೆಬಿಲ್ಲೆ ಕಡ್ಡಾಯವಾಗಿ ಅದು ಮೂರನೆಯ ವರ್ಷ. ಎಂಟಾಣೆ ನಾಣ್ಯದಷ್ಟು ಅಗಲದ, ಚರ್ಮದ ಬಣ್ಣದ ಬಿಲ್ಲೆ. ದ್ರಾಕ್ಷಿ ತೋಟದಲ್ಲಿ ಎಣ್ಣೆ ಹೊಡೆಯುವ, ಅಂದರೆ ಕೀಟನಾಶಕ ಸಿಂಪಡಿಸುವ ಪ್ರತಿಯೊಬ್ಬನೂ ಅದನ್ನು ಎಡ ಎದೆಯ ಮೇಲೆ ಅಂಟಿಸಿಕೊಂಡಿರಬೇಕು. ಅದು ಒಂದೊಂದು ಬಡಿತವನ್ನೂ ಅಳೆದು ಊರಿನ ಕಂಬದ ಮೂಲಕ ಈ ಎದೆಗಾವಲು ಕೇಂದ್ರಕ್ಕೆ ಕಳಿಸುತ್ತದೆ. ಹಸಿರಿದ್ದವನಿಗೆ ಮಾತ್ರ ಸಿಂಪಡಣೆಯ ಟ್ರ್ಯಾಕ್ಟರು ಚಾಲೂ ಆಗುತ್ತದೆ. ಹಳದಿ ಬರೀ ಎಚ್ಚರಿಕೆ, ಓಡುತ್ತಿರುವ ಯಂತ್ರ ಅದಕ್ಕೆ ನಿಲ್ಲುವುದಿಲ್ಲ. ಕೆಂಪಾದವನಿಗೆ ಹದಿನೈದು ದಿನ ಯಾವ ತೋಟದಲ್ಲೂ ಯಂತ್ರ ಕದಲುವುದಿಲ್ಲ. ಸರ್ಕಾರದವರು ಅದಕ್ಕೆ ರಕ್ಷಣೆ ಅಂದರು, ಊರಿನವರು ಬೀಗ ಅಂದರು. ಇಬ್ಬರ ಮಾತೂ ಸುಳ್ಳಲ್ಲ.

ಬಿಲ್ಲೆ ಬರಲು ಕಾರಣವಿತ್ತು. ತೋಟದಲ್ಲಿ ವಿಷ ತಗುಲಿ ಆಸ್ಪತ್ರೆ ಸೇರಿದ ಆಳುಗಳು ಗುಣವಾಗಿ, ನಗುನಗುತ್ತಾ ಮನೆಗೆ ಬಂದು, ವಾರದೊಳಗೆ ಅಂಗಳದಲ್ಲೇ ಬಿದ್ದು ಸಾಯುತ್ತಿದ್ದರು. ಊರವರು ಮಾಟ ಅಂದರು, ದೃಷ್ಟಿ ಅಂದರು, ಕುಡಿತ ಅಂದರು. ಸಂಗತಿ ಬೇರೆಯೇ ಇತ್ತು. ನರದಿಂದ ಬಂದ ಸಂದೇಶವನ್ನು ಕೆಲಸ ಮುಗಿದ ಕೂಡಲೇ ಗುಡಿಸಿ ಹಾಕುವ ಕಿಣ್ವವೊಂದು ನಮ್ಮ ಮೈಯಲ್ಲಿದೆ. ಹಿಟ್ಟು ತಿಗಣೆಗೆಂದು ಹೊಡೆಯುವ ವಿಷ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಸಂದೇಶಗಳು ರಾಶಿ ಬೀಳುತ್ತವೆ. ಕಣ್ಣು ಬಾಯಿ ಒಸರುತ್ತವೆ, ಹೊಟ್ಟೆ ನುಲಿಯುತ್ತದೆ, ಎದೆ ಒಮ್ಮೆ ತೀರಾ ನಿಧಾನವಾಗಿ ಇನ್ನೊಮ್ಮೆ ದಡದಡನೆ ಬಡಿಯುತ್ತದೆ. ಎರಡು ಮೂರು ದಿನಕ್ಕೆ ಎಲ್ಲ ಇಳಿದು ಮನುಷ್ಯ ಎದ್ದು ರೊಟ್ಟಿ ತಿನ್ನುತ್ತಾನೆ. ಆದರೆ ಎದೆ ಇನ್ನೂ ಮರೆತಿರುವುದಿಲ್ಲ.

ಪ್ರತಿ ಬಡಿತದ ನಂತರ ಹೃದಯ ಮುಂದಿನ ಬಡಿತಕ್ಕೆ ಮತ್ತೆ ಸಜ್ಜಾಗಬೇಕು. ಅದಕ್ಕೆ ಬೇಕಾದ ಹೊತ್ತು ಅರ್ಧ ಸೆಕೆಂಡಿಗಿಂತ ಕಡಿಮೆ, ನಾನೂರ ನಲವತ್ತು ಮಿಲಿಸೆಕೆಂಡಿನ ಆಸುಪಾಸು. ವಿಷ ಉಂಡ ಹೃದಯ ಸಜ್ಜಾಗಲು ತಡ ಮಾಡುತ್ತದೆ. ನಾನೂರ ಅರವತ್ತು, ನಾನೂರ ಎಂಬತ್ತು. ಐನೂರು ದಾಟಿದರೆ ಆ ಎಳೆದ ಬಿಡುವಿನ ನಡುವೆ ದಾರಿ ತಪ್ಪಿದ ಒಂದೇ ಒಂದು ಬಡಿತ ನುಗ್ಗಿದರೂ ಸಾಕು, ಹೃದಯ ಬಡಿಯುವುದನ್ನು ಬಿಟ್ಟು ಗಡಗಡ ನಡುಗತೊಡಗುತ್ತದೆ. ನಡುಗುವ ಹೃದಯ ರಕ್ತ ತಳ್ಳುವುದಿಲ್ಲ. ಬಿಲ್ಲೆ ಕಾಯುವುದು ಆ ಬಿಡುವನ್ನು.

ಈಗ ಅರಳಿಹಾಳದ ಐವರ ಬಿಡುವೂ ನಾನೂರ ಎಂಬತ್ತನಾಲ್ಕಕ್ಕೆ ನಿಂತಿತ್ತು.

ದಾನಮ್ಮ ತಮ್ಮನಿಗೆ ಫೋನು ಹಚ್ಚಿದಳು. ಹಚ್ಚುವಾಗ ಕೈ ಹಿಂದೆ ಮುಂದೆ ನೋಡಿತು. ಹೋದ ವರ್ಷ ಅವನ ಬಿಲ್ಲೆ ಕೆಂಪಾದಾಗ ಬೀಗ ಹಾಕಿದವಳು ಅವಳೇ. ಚಾಟಣಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ ಮುಗಿದು ಹೊಸದಾಗಿ ಚಿಗುರುವ ಆ ಹದಿನೈದು ದಿನ ಅವನ ಟೋಳಿ, ಎಣ್ಣೆ ಹೊಡೆಯುವ ಐವರ ಗುಂಪು, ಕೈಕಟ್ಟಿ ಕುಳಿತರೆ ಹಂಗಾಮೇ ಹೋದಂತೆ, ತೋಟದವರು ಬೇರೆ ಟೋಳಿ ಹಿಡಿಯುತ್ತಾರೆ. ಹಾಗೇ ಆಯಿತು. ಈ ಸಲ ಪಂಚಮಿಗೆ ಅಕ್ಕನನ್ನು ಕರೆಯಲು ಅವನು ಬರಲಿಲ್ಲ. ಅವಳು ಆ ದಿನ ಬಾಗಿಲಿಗೇ ಕಿವಿ ಇಟ್ಟುಕೊಂಡು ಕುಳಿತಿದ್ದು, ಗಂಡನ ಎದುರು ಏನೂ ಆಗದವಳಂತೆ ಉಂಡಿ ಕಟ್ಟಿದ್ದು, ಇವೆಲ್ಲ ಅವಳಿಗಿನ್ನೂ ಹಸಿಯಾಗಿಯೇ ಇದ್ದವು.

ಗುರಪಾದ ಫೋನು ಎತ್ತಿದ. ಹಿಂದೆ ಯಂತ್ರದ ಅಬ್ಬರ. ತನಗೇನೂ ಆಗಿಲ್ಲವೆಂದೂ, ಬೆಳಗಿನಿಂದ ಎರಡು ಟ್ಯಾಂಕು ಹೊಡೆದಾಗಿದೆಯೆಂದೂ, ನಿಮ್ಮ ಬಿಲ್ಲೆಗಳಿಗೇ ರೋಗ ಬಂದಿರಬೇಕೆಂದೂ ಕೂಗಿ ಹೇಳಿ ಇಟ್ಟುಬಿಟ್ಟ. ಅವನ ದನಿ ಚೆನ್ನಾಗಿಯೇ ಇತ್ತು. ದಾನಮ್ಮ ಪರದೆ ನೋಡಿದಳು. ಉಬ್ಬು ತಗ್ಗಿನ ಸಾಲಿನಲ್ಲಿ ಟ್ರ್ಯಾಕ್ಟರಿನ ಮೇಲೆ ಕುಣಿಯುತ್ತಾ, ಬಿಸಿಲಲ್ಲಿ ಕೂಗಾಡುತ್ತಾ ಇರುವ ಮೂವತ್ತು ವರ್ಷದವನ ಎದೆ ನಿಮಿಷಕ್ಕೆ ಐವತ್ತೆಂಟು ಸಲ, ಸಾವಕಾಶ ಬಡಿಯುತ್ತಿತ್ತು.

ಅಷ್ಟರಲ್ಲಿ ಜಿಲ್ಲೆಯಿಂದ ಮೇಲಧಿಕಾರಿ ದೇಸೂರರ ಫೋನು ಬಂತು. ಆ ಐದು ಬಿಲ್ಲೆಗಳು ಹೋದ ಶನಿವಾರವೂ ಒಟ್ಟಿಗೇ ಹಳದಿಯಾಗಿದ್ದವು, ಬಡಿತ ನಲವತ್ತನಾಲ್ಕಕ್ಕೆ ಇಳಿದಿತ್ತು, ಐದೂ ಜನ ಒಂದೇ ಗಳಿಗೆಗೆ ಕಾಯಿಲೆ ಬೀಳುವುದುಂಟೆ, ಅದು ತಯಾರಿಯ ದೋಷ ಅಂತ ಷರಾ ಬರೆದಾಗಿದೆ ಅಂದರು. ಹನ್ನೊಂದು ಗಂಟೆಗೆ ಅವುಗಳನ್ನು ಆರಿಸಿ ಮತ್ತೆ ಹೊತ್ತಿಸುವುದು, ನಡುವೆ ಒಂದು ತಾಸು ಗೆರೆ ಬರುವುದಿಲ್ಲ, ಗಾಬರಿಯಾಗಬೇಡಿ ಎಂದರು. ದೇಸೂರರು ಕೆಟ್ಟವರಲ್ಲ. ಆದರೆ ಕಾಗದದ ಮೇಲೆ ಒಮ್ಮೆ ಬರೆದದ್ದು ಅವರ ಪಾಲಿಗೆ ಲೋಕದಲ್ಲಿ ನಡೆದುಹೋದಂತೆಯೇ. ಶನಿವಾರ ದಾನಮ್ಮ ರಜೆಯಲ್ಲಿದ್ದಳು. ಅವಳ ಜಾಗದಲ್ಲಿ ಕುಳಿತವರು ತಲೆಯಾಡಿಸಿ ಕೈ ತೊಳೆದುಕೊಂಡಿದ್ದರು.

ಹನ್ನೊಂದಕ್ಕೆ ಇನ್ನು ಮೂವತ್ತೈದು ನಿಮಿಷ. ದಾನಮ್ಮ ಐದೂ ಗೆರೆಗಳನ್ನು ತೆಗೆದು ಒಂದರ ಕೆಳಗೊಂದು ಸಾಲಾಗಿಟ್ಟಳು. ಹಾಗೆ ಇಡುವ ಪದ್ಧತಿ ಕೇಂದ್ರದಲ್ಲಿರಲಿಲ್ಲ, ಯಂತ್ರ ಒಂದೊಂದು ಎದೆಯನ್ನು ಬೇರೆಬೇರೆಯಾಗಿ ನೋಡುತ್ತದೆ, ಒಂದನ್ನು ಇನ್ನೊಂದರ ಜೊತೆ ಹೋಲಿಸಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಲಿನ ಗೆರೆ ನೆಗೆದಾಗ ಕೆಳಗಿನ ನಾಲ್ಕೂ ನೆಗೆದವು. ಮೇಲಿನದು ಒಂದು ಬಡಿತ ತಡಮಾಡಿದರೆ ಎಲ್ಲವೂ ತಡಮಾಡಿದವು. ಹತ್ತು ನಿಮಿಷದ ಗೆರೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಸಿಗಲಿಲ್ಲ.

ಯಂತ್ರವೇ ಒಂದು ಗೆರೆಯನ್ನು ಐದು ಕಡೆ ನಕಲು ಮಾಡುತ್ತಿರಬಹುದೇ? ದೇಸೂರರು ಹಾಗೇ ಹೇಳುತ್ತಾರೆ. ಅವಳು ಗೆರೆಗಳನ್ನು ದೊಡ್ಡದು ಮಾಡಿದಳು. ನಕಲಾಗಿದ್ದರೆ ಆಕಾರವೂ ಒಂದೇ ಇರಬೇಕಿತ್ತು. ಇಲ್ಲಿ ಹೊತ್ತು ಒಂದೇ, ಆಕಾರ ಬೇರೆ. ಒಂದರ ತುದಿ ಚೂಪು, ಇನ್ನೊಂದರದು ಮೊಂಡು, ಮೂರನೆಯದರಲ್ಲಿ ಕೆಳಗೊಂದು ಕೊಂಕು. ಒಂದೇ ಮನೆಯನ್ನು ಐದು ಓಣಿಗಳಿಂದ ನೋಡಿದರೆ ಹೇಗೋ ಹಾಗೆ. ಬಿಲ್ಲೆಗಳು ಕೆಟ್ಟಿರಲಿಲ್ಲ. ಐದೂ ಒಂದೇ ಎದೆಯ ಮೇಲೆ ಅಕ್ಕಪಕ್ಕ ಅಂಟಿಕೊಂಡಿದ್ದವು.

ಆಗ ಅವಳಿಗೆ ಎಲ್ಲ ತಿಳಿಯಿತು. ಮುಯ್ಯಿ. ನಮ್ಮ ಹೊಲಕ್ಕೆ ನೀವು ದುಡಿಯಿರಿ, ನಿಮ್ಮ ಹೊಲಕ್ಕೆ ನಾವು ಬರುತ್ತೇವೆ ಎಂಬ ಲೆಕ್ಕವಿಲ್ಲದ ಕೊಡುಕೊಳ್ಳುವಿಕೆ. ಅರಳಿಹಾಳದಲ್ಲಿ ಎತ್ತು, ಕುಂಟೆ, ಮೈಬಲ ಎಲ್ಲವೂ ಮುಯ್ಯಿಗೆ ಸಿಗುತ್ತವೆ, ಕೇಳಿದವರಿಗೆ ಇಲ್ಲ ಅಂದ ಮನೆ ಇಲ್ಲ. ಈಗ ಎದೆಯೂ ಸಿಕ್ಕಿದೆ. ಎಣ್ಣೆ ಹೊಡೆಯದ, ವಿಷದ ಸುಳಿವಿಲ್ಲದ ಯಾರದೋ ಶುದ್ಧ ಎದೆಯ ಮೇಲೆ ಐವರೂ ತಮ್ಮ ಬಿಲ್ಲೆ ಅಂಟಿಸಿ, ಹಸಿರು ಕಾಣಿಸಿ, ಟ್ರ್ಯಾಕ್ಟರು ಓಡಿಸುತ್ತಿದ್ದಾರೆ. ಆ ಶುದ್ಧ ಎದೆಯೇ ಈಗ ಸಾಯಲು ಹೊರಟಿದೆ. ಊರಲ್ಲಿ ಮುನ್ನೂರು ಮನೆ. ಯಾರದು?

ಅವಳು ಮತ್ತೆ ಗೆರೆಗೆ ಕಣ್ಣು ಕೀಲಿಸಿದಳು. ಬಡಿತಗಳ ನಡುವೆ ಸಣ್ಣ ಸಣ್ಣ ಗೀಚು ಇತ್ತು. ಎದೆಯ ಸ್ನಾಯು, ತೋಳು ಜೋರಾಗಿ ಆಡಿದರೆ ಹಾಗೆ ಗೀಚು ಬೀಳುತ್ತದೆ, ದಿನವೂ ನೋಡಿ ಅದನ್ನು ಕಡೆಗಣಿಸುವುದೇ ಅವರ ಅಭ್ಯಾಸ. ಈ ಗೀಚಿಗೆ ಒಂದು ಕ್ರಮವಿತ್ತು. ಹತ್ತು ಹನ್ನೆರಡು ಸಲ ಜೋರಾಗಿ, ಒಂದೇ ತೂಕದಲ್ಲಿ. ಆಮೇಲೆ ಮೆಲ್ಲಗೆ ಉಜ್ಜಿದಂತೆ. ಆಮೇಲೆ ಒಂದು ಗಳಿಗೆ ಸುಮ್ಮನೆ. ಮತ್ತೆ ಹತ್ತು ಹನ್ನೆರಡು ಸಲ. ದಾನಮ್ಮನ ಬಲಗೈ ತಾನಾಗಿ ಮೇಲೆದ್ದು ಮೇಜಿನ ಮೇಲೆ ಆ ತೂಕಕ್ಕೆ ಬಡಿಯತೊಡಗಿತು. ಕೈಗೆ ಮೊದಲು ಗೊತ್ತಾಯಿತು, ಆಮೇಲೆ ತಲೆಗೆ. ಯಾರೋ ಬಟ್ಟೆ ಒಗೆಯುತ್ತಿದ್ದಾರೆ.

ಎಣ್ಣೆ ಹೊಡೆದ ಬಟ್ಟೆಯನ್ನು ಮನೆಯ ಬಟ್ಟೆಯೊಡನೆ ಒಗೆಯಬಾರದು ಎಂಬ ನಿಯಮ ಬಂದಾಗ ಟೋಳಿಯ ಐವರೂ ಕೂಡಿ ಒಂದೇ ಮನೆಯ ಕಲ್ಲು ಗೊತ್ತು ಮಾಡಿದ್ದರು. ಚಿಕ್ಕ ಮಕ್ಕಳಿಲ್ಲದ, ಹೊರಗೆ ಒಗೆಯುವ ಕಲ್ಲಿರುವ ಮನೆ. ಅದು ಗುರಪಾದನ ಮನೆ. ಒಗೆಯುವವಳು ಅವನ ತಾಯಿ ಕಾಶೀಬಾಯಿ. ದಾನಮ್ಮನ ಅವ್ವ.

ಹೋದ ಭಾನುವಾರವಷ್ಟೇ ದಾನಮ್ಮ ಅರ್ಧ ದಿನಕ್ಕೆಂದು ಅವ್ವನ ಬಳಿ ಹೋಗಿ ಬಂದಿದ್ದಳು, ತಮ್ಮ ಮನೆಯಲ್ಲಿರದ ಹೊತ್ತು ನೋಡಿಕೊಂಡು. ಸೆಕೆಯಲ್ಲೂ ಅವ್ವ ಮೈತುಂಬ ಚಾದರ ಹೊದ್ದು ಕುಳಿತಿದ್ದಳು. ಬೆನ್ನಿಗೆ ಎಣ್ಣೆ ತಿಕ್ಕುತ್ತೇನೆ ಎಂದರೆ ಬೇಡವೆಂದು ಸರಿದು ಕುಳಿತಳು. ನಿನ್ನೆ ಹೊಟ್ಟೆ ಕೆಟ್ಟು ಕಣ್ಣು ಮೂಗೆಲ್ಲ ಸೋರಿ ಸಾಕಾಯಿತು, ಊರಿನ ಡಾಕ್ಟರು ಸೂಜಿ ಮಾಡಿದ, ಈಗ ಚಲೋ ಇದ್ದೇನೆ ಎಂದು ನಕ್ಕಿದ್ದಳು. ದಿನಕ್ಕೆ ಸಾವಿರ ಎದೆ ನೋಡುವ ಮಗಳು ಎದುರಿಗಿದ್ದ ತಾಯಿಯ ಮಣಿಕಟ್ಟು ಹಿಡಿದು ನೋಡಲಿಲ್ಲ. ಚುರುಮುರಿ ತಿಂದು, ತಮ್ಮನ ಮೇಲಿನ ಸಿಟ್ಟು ಹೇಳಿಕೊಂಡು, ಬಸ್ಸು ಹತ್ತಿ ಬಂದಿದ್ದಳು. ಈಗ ಅದನ್ನು ನೆನೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಅವ್ವನಿಗೆ ಫೋನು ಮಾಡಿದಳು. ಗಂಟೆ ಬಾರಿಸಿ ಬಾರಿಸಿ ನಿಂತಿತು. ಕೈ ಒದ್ದೆ ಇದ್ದವರು ಫೋನು ಎತ್ತುವುದಿಲ್ಲ. ಪರದೆಯ ಮೇಲೆ ನಾನೂರ ತೊಂಬತ್ತೆರಡು.

ಕೇಂದ್ರದ ಹಿಂದೆಯೇ ತಾಲ್ಲೂಕು ಆಸ್ಪತ್ರೆ. ಡಾಕ್ಟರ್ ಸಬೀಹಾ ಇನಾಮದಾರ ಎರಡೇ ಮಾತು ಕೇಳಿ ಆಂಬುಲೆನ್ಸಿನತ್ತ ಓಡಿದರು. ತುರ್ತು ಆದೇಶಕ್ಕೆ ರೋಗಿಯ ಹೆಸರು ಬೇಕಿತ್ತು. ದಾನಮ್ಮ ಐದು ಬಿಲ್ಲೆಗಳ ಸಂಖ್ಯೆ ಬರೆದು, ಮುಂದೆ ಕಾಶೀಬಾಯಿ ಎಂಬ ಒಂದೇ ಹೆಸರು ಬರೆದು, ಕೆಳಗೆ ತನ್ನ ಸಹಿ ಹಾಕಿದಳು. ಇನ್ನು ಆ ಬಿಲ್ಲೆಗಳನ್ನು ಜಿಲ್ಲೆಯವರು ಆರಿಸುವಂತಿಲ್ಲ. ಊಹೆ ತಪ್ಪಾದರೆ ಅವಳ ಕೆಲಸ ಹೋಗುತ್ತದೆ. ಆ ಹೊತ್ತಿಗೆ ಊಹೆ ತಪ್ಪಾಗಲಿ ಎಂದೇ ಅವಳು ಬೇಡಿಕೊಳ್ಳುತ್ತಿದ್ದಳು.

ಚಿಕ್ಕ ಪರದೆಯೊಂದನ್ನು ಹಿಡಿದು ಅವಳೂ ಆಂಬುಲೆನ್ಸು ಹತ್ತಿದಳು. ಅರಳಿಹಾಳ ಹದಿನೆಂಟು ಕಿಲೋಮೀಟರು. ಗಾಡಿ ಊರು ದಾಟುವ ಮೊದಲೇ ಇನಾಮದಾರರು ಹೇಳಬೇಕಾದ್ದನ್ನು ಹೇಳಿ ಮುಗಿಸಿದರು. ಆಕೆಯನ್ನು ಆ ಬಟ್ಟೆಯಿಂದ ಬಿಡಿಸಬೇಕು, ಮೈಮೇಲಿನ ಒದ್ದೆ ಸೀರೆ ತೆಗೆಸಿ ನೀರು ಹಾಕಬೇಕು, ಮಲಗಿಸಬೇಕು. ಓಡಿಸಬಾರದು, ಹೆದರಿಸಬಾರದು, ಗದ್ದಲ ಮಾಡಬಾರದು. ಎದೆ ಸಜ್ಜಾಗದೆ ನಿಂತಿರುವಾಗ ಒಂದು ಬೆಚ್ಚುವಿಕೆಯೇ ಸಾಕು. ಹತ್ತಿರ ಯಾರಿದ್ದಾರೆ ಎಂದು ಕೇಳಿದರು. ಹತ್ತಿರ ಇದ್ದವನು ಒಬ್ಬನೇ, ಮನೆಯ ಹಿಂದಿನ ತೋಟದಲ್ಲಿ ಟ್ರ್ಯಾಕ್ಟರಿನ ಮೇಲೆ.

ಗುರಪಾದ ಈ ಸಲ ಸಿಟ್ಟಿನಲ್ಲೇ ಫೋನು ಎತ್ತಿದ. ಮತ್ತೆ ಬೀಗ ಹಾಕಲು ನೆವ ಹುಡುಕುತ್ತಿದ್ದೀಯಾ ಎಂದು ಕೇಳಿದ. ಬಿಲ್ಲೆ ತನ್ನ ಎದೆಯ ಮೇಲೇ ಇದೆ, ಬೇಕಾದರೆ ಬಂದು ನೋಡು ಎಂದ. ದಾನಮ್ಮನಿಗೆ ಕೂಗಬೇಕೆನಿಸಿತು, ಕೂಗಲಿಲ್ಲ.

"ನೀ ಹೊಡದದ್ದು ಬಿಟ್ಟದ್ದು ನಾ ಕೇಳಾಂಗಿಲ್ಲ, ಗುರಪಾದ. ಬೀಗದ ಮಾತೂ ಬ್ಯಾಡ. ಅವ್ವನ ಎದಿ ಮ್ಯಾಲೆ ಐದು ಬಿಲ್ಲಿ ಅದಾವೋ ಇಲ್ಲೋ, ಅಷ್ಟ ಹೇಳು."

ಅತ್ತ ಕಡೆ ಯಂತ್ರದ ಸದ್ದು ಹಾಗೇ ಇತ್ತು. ಹೌದೆಂದರೆ ಐವರ ಹಂಗಾಮೂ ಅವನ ಬಾಯಿಂದಲೇ ಮುಗಿಯುತ್ತದೆ. ಟೋಳಿಯ ನಾಲ್ಕು ಮನೆಯವರು ಅವನನ್ನು ನಂಬಿ ಬಿಲ್ಲೆ ಕೊಟ್ಟಿದ್ದರು, ಮುಯ್ಯಿಯ ಮಾತು ಹೊರಗೆ ಆಡಿದವನಿಗೆ ಆ ಊರಲ್ಲಿ ನಾಳೆಯಿಂದ ನೀರು ಹುಟ್ಟುವುದಿಲ್ಲ. ದಾನಮ್ಮನಿಗೂ ಅದು ಗೊತ್ತಿತ್ತು. ಮಡಿಲಲ್ಲಿದ್ದ ಚಿಕ್ಕ ಪರದೆಯ ಮೇಲೆ ಅಂಕಿ ಐನೂರ ಮೂರಕ್ಕೆ ಏರಿ, ಐದೂ ಚುಕ್ಕಿ ಕೆಂಪಾದವು.

ಯಂತ್ರದ ಸದ್ದು ನಿಂತಿತು.

"ಅದಾವ," ಎಂದ ಗುರಪಾದ. "ಅಕ್ಕಾ, ಆಕಿಗೇನು ಆಕ್ಕೈತಿ? ಆಕಿ ಎಣ್ಣಿ ಮುಟ್ಟೇ ಇಲ್ಲಲ್ಲ."

"ನಿಮ್ಮ ಬಟ್ಟಿ ಮುಟ್ಯಾಳ."

ಅವನು ಓಡುವುದು ಫೋನಿನಲ್ಲೇ ಕೇಳಿಸಿತು. ಮೈಮೇಲಿನ ಬಟ್ಟೆ ದಾರಿಯಲ್ಲೇ ಕಿತ್ತೆಸೆ, ಕೈ ತೊಳೆಯದೆ ಅವ್ವನನ್ನು ಮುಟ್ಟಬೇಡ, ಹಿತ್ತಿಲಿಗೆ ಹೋದಮೇಲೆ ಓಡಬೇಡ, ನಡೆದು ಹೋಗು, ಮುಖದಲ್ಲಿ ಗಾಬರಿ ತೋರಿಸಬೇಡ ಎಂದು ಅವಳು ಒಂದೇ ಉಸಿರಿಗೆ ಹೇಳುತ್ತಾ ಹೋದಳು. ಅವನು ಹ್ಞೂಂ ಅನ್ನುತ್ತಾ ಅಳುತ್ತಿದ್ದ. ತೋಟದ ಬೇಲಿ ದಾಟಿದ್ದು, ನೀರಿನ ತೊಟ್ಟಿಯಲ್ಲಿ ಕೈ ಅದ್ದಿದ್ದು, ಆಮೇಲೆ ಸಾವಕಾಶ ಹೆಜ್ಜೆ, ಎಲ್ಲ ಕೇಳಿಸಿತು. ಬಟ್ಟೆ ಬಡಿಯುವ ಸದ್ದೂ ಕೇಳಿಸಿತು. ಅದು ನಿಂತಿತು. ಅವ್ವ ಏನೋ ಅಂದಳು, ಬಹುಶಃ ಬರಿಮೈಯಲ್ಲಿ ಯಾಕೆ ಬಂದೆಯೆಂದು. ಅವನು ನಗುವ ಪ್ರಯತ್ನ ಮಾಡಿದ. ಚಹಾ ಮಾಡಿಕೊಡುತ್ತೇನೆ, ಒಂದು ಗಳಿಗೆ ಅಡ್ಡಾಗು ಎಂದ. ಹೊತ್ತಲ್ಲದ ಹೊತ್ತಿನಲ್ಲಿ ಎಂಥ ಅಡ್ಡಾಗುವುದು, ಇನ್ನೂ ನಿಮ್ಮ ಟೋಳಿಯ ಮಲಕಾಜಿಯ ಅಂಗಿ ಉಳಿದಿದೆ ಎಂದಳು ಅವ್ವ. ಗುರಪಾದ ಪಕ್ಕದ ಮನೆಯ ಹೆಂಗಸನ್ನು ಕರೆದು ಸೀರೆ ಬದಲು ಮಾಡಿಸಿ, ಕೈಕಾಲಿಗೆ ನೀರು ಹಾಕಿಸಿ, ಪಡಸಾಲೆಯ ನೆಲದ ಮೇಲೆ ಅವ್ವನನ್ನು ಮಲಗಿಸುವ ಹೊತ್ತಿಗೆ ಆಂಬುಲೆನ್ಸು ಅರ್ಧ ದಾರಿ ದಾಟಿತ್ತು.

ಐನೂರ ಹನ್ನೊಂದು. ಐನೂರ ಹದಿನೆಂಟು. ಎದುರು ಕಬ್ಬಿನ ಟ್ರ್ಯಾಕ್ಟರು ಬಂದು ಗಾಡಿ ಕಚ್ಚಾ ಹಾದಿಗಿಳಿಯಿತು. ಆಗಲೇ ಐದೂ ಗೆರೆಗಳು ಒಟ್ಟಿಗೇ ಕದಡಿಹೋದವು. ನೆಗೆತವಿಲ್ಲ, ಬಿಡುವಿಲ್ಲ, ದಾರ ಹೊಸೆದಂತೆ ದಪ್ಪ ತೆಳು ದಪ್ಪ ತೆಳು. ದಾನಮ್ಮ ತರಬೇತಿಯಲ್ಲಿ ಅದರ ಚಿತ್ರ ನೋಡಿದ್ದಳು. ಎದೆ ನಡುಗುವುದೆಂದರೆ ಇದೇ. ಮೂರು ಸೆಕೆಂಡು, ಆರು, ಒಂಬತ್ತು. ಹತ್ತನೆಯದಕ್ಕೆ ಗೆರೆ ತಾನಾಗಿ ಬಡಿತಕ್ಕೆ ಮರಳಿತು. ಫೋನಿನಲ್ಲಿ ಗುರಪಾದ, ಅವ್ವ ಕಣ್ಣು ಮೇಲೆ ಮಾಡಿದ್ದಳು, ಈಗ ನೋಡುತ್ತಿದ್ದಾಳೆ ಎಂದು ತೊದಲಿದ. ಮತ್ತೆ ಬರುತ್ತದೆ, ಎರಡನೆಯ ಸಲ ತಾನಾಗಿ ಬಿಡುವ ಖಾತ್ರಿ ಇಲ್ಲ ಎಂದು ಇನಾಮದಾರರು ಫೋನು ತಾವು ತೆಗೆದುಕೊಂಡರು.

ನಾಲ್ಕು ನಿಮಿಷಕ್ಕೆ ಬಂತು, ಬಿಡಲಿಲ್ಲ. ಎರಡೂ ಅಂಗೈ ಒಂದರ ಮೇಲೊಂದಿಟ್ಟು ಎದೆಯ ನಡುವಿನ ಎಲುಬಿನ ಮೇಲೆ ಒತ್ತು ಎಂದರು ಡಾಕ್ಟರು. ಜೋರು, ಇನ್ನೂ ಜೋರು, ಎಲುಬು ಮುರಿದರೆ ಮುರಿಯಲಿ, ನಾನು ಎಣಿಸುತ್ತೇನೆ, ನೀನು ಒತ್ತು. ದಾನಮ್ಮ ಪರದೆ ನೋಡುತ್ತಿದ್ದಳು. ಕದಡಿದ ಗೆರೆಯ ಮೇಲೆ ತಮ್ಮನ ಕೈಯ ಒತ್ತು ಒಂದೊಂದೂ ದಪ್ಪ ಗೀಚಾಗಿ ಬೀಳುತ್ತಿತ್ತು. ತಡವಾದರೆ ಅವಳ ಜೀವ ಬಾಯಿಗೆ ಬರುತ್ತಿತ್ತು, ಮತ್ತೆ ಬಿದ್ದರೆ ಉಸಿರು ಬಿಡುತ್ತಿದ್ದಳು. ಮೂರು ವರ್ಷದಿಂದ ಎದೆ ಕಾದವಳಿಗೆ ಆ ಏಳು ನಿಮಿಷ ಅವನ ಕೈಯ ಹೊರತು ಬೇರೆ ಆಸರೆ ಇರಲಿಲ್ಲ.

ಗಾಡಿ ಅಂಗಳಕ್ಕೇ ನುಗ್ಗಿತು. ಇನಾಮದಾರರು ಕುಬಸ ಕತ್ತರಿಸಿದಾಗ ಕೊರಳ ಕೆಳಗೆ ಐದು ಬಿಲ್ಲೆಗಳು ಸಾಲಾಗಿ ಕಂಡವು. ಎದೆಗೆ ವಿದ್ಯುತ್ತಿನ ಏಟು ಕೊಡುವ ಹಲಗೆ ಇಡಲು ಜಾಗವಿರಲಿಲ್ಲ. ದಾನಮ್ಮ ಒಂದೊಂದನ್ನೇ ಕಿತ್ತಳು. ಕಿತ್ತ ಕಡೆ ಅವ್ವನ ಚರ್ಮ ಹಸಿ ಕೆಂಪಾಗಿತ್ತು, ಎಷ್ಟು ದಿನದಿಂದ ಇದ್ದವೋ. ಮೊದಲ ಏಟಿಗೆ ಏನೂ ಆಗಲಿಲ್ಲ. ಎರಡನೆಯ ಏಟಿಗೆ ಗೆರೆ ನೆಟ್ಟಗಾಗಿ, ಒಂದು ಕ್ಷಣ ಸುಮ್ಮನಿದ್ದು, ನೆಗೆಯಿತು. ತೋಳಿನ ನರಕ್ಕೆ ಮ್ಯಾಗ್ನೀಸಿಯಂ ಇಳಿಯತೊಡಗಿತು. ಅದು ಎಳೆದ ಬಿಡುವಿನಲ್ಲಿ ದಾರಿತಪ್ಪಿದ ಬಡಿತ ನುಗ್ಗದಂತೆ ತಡೆಯುತ್ತದೆ. ಗುರಪಾದ ಗೋಡೆಗೊರಗಿ ತನ್ನ ಎರಡೂ ಕೈ ನೋಡಿಕೊಳ್ಳುತ್ತಾ ಕುಳಿತಿದ್ದ.

ಮಧ್ಯಾಹ್ನ ಮೂರು ಗಂಟೆಗೆ ಆಸ್ಪತ್ರೆಯಲ್ಲಿ ಕಾಶೀಬಾಯಿ ಕಣ್ಣು ತೆರೆದು, ಎದೆ ಎಲುಬು ನೋಯುತ್ತದೆ ಎಂದಳು. ಅದಕ್ಕಿಂತ ಒಳ್ಳೆಯ ಮಾತನ್ನು ದಾನಮ್ಮ ತನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ. ಹೊರಗೆ ದೇಸೂರರ ಫೋನು ನಾಲ್ಕು ಸಲ ಬಂದುಹೋಗಿತ್ತು. ಐದನೆಯ ಸಲ ಎತ್ತಿದಾಗ ಅವರು ಬೈಯಲಿಲ್ಲ. ಜಿಲ್ಲೆಯ ಎಲ್ಲ ಗೆರೆಗಳನ್ನೂ ಒಂದರ ಕೆಳಗೊಂದಿಟ್ಟು ನೋಡಿಸುತ್ತಿರುವುದಾಗಿ, ಈಗಾಗಲೇ ಹನ್ನೊಂದು ಊರುಗಳಲ್ಲಿ ಇಂಥ ಜೊತೆಗಳು ಸಿಕ್ಕಿರುವುದಾಗಿ ಸಣ್ಣ ದನಿಯಲ್ಲಿ ಹೇಳಿದರು. ಎಷ್ಟು ಜನರ ಎದೆಗಳನ್ನು ನಾವು ನಿಜವಾಗಿ ನೋಡಿಲ್ಲವೋ ಗೊತ್ತಿಲ್ಲ ಎಂದರು.

ಟೋಳಿಯ ಉಳಿದ ನಾಲ್ವರೂ ವರಾಂಡದಲ್ಲಿ ಬಂದು ನಿಂತಿದ್ದರು. ಮಲಕಾಜಿ, ಟೋಳಿಯಲ್ಲಿ ಹಿರಿಯ, ಮುಂದೆ ಬಂದು ತಲೆ ತಗ್ಗಿಸಿ, ಕಾಶಕ್ಕ ತೋಟಕ್ಕೆ ಕಾಲಿಡದವಳು, ಆಕೆಯ ಎದೆ ಎಲ್ಲರದಕ್ಕಿಂತ ಚೊಕ್ಕವೆಂದು ತಾನೇ ಆರಿಸಿದ್ದಾಗಿ ಹೇಳಿದ. ಬಟ್ಟೆಯ ಮಾತು ಯಾರ ತಲೆಗೂ ಹೊಳೆದಿರಲಿಲ್ಲ. ಹೊಡೆಯದವಳು ಅಂದಮೇಲೆ ಶುದ್ಧವೇ ಅಂದುಕೊಂಡಿದ್ದರು. ಶುದ್ಧವಾಗಿದ್ದಾಳೆ ಎಂದೇ ಬಟ್ಟೆಯನ್ನೂ ಕೊಟ್ಟಿದ್ದರು, ಎದೆಯನ್ನೂ ಕೇಳಿದ್ದರು. ದಾನಮ್ಮನಲ್ಲಿ ಬೈಯುವ ಶಕ್ತಿ ಉಳಿದಿರಲಿಲ್ಲ. ಬಿಲ್ಲೆಗಳನ್ನು ಒರೆಸಿ, ಸಂಖ್ಯೆ ನೋಡಿ, ಒಬ್ಬೊಬ್ಬರ ಅಂಗೈಗಿಟ್ಟಳು. ನಾಲ್ವರೂ ಅಂಗಿ ಬಿಚ್ಚಿ ಅಂಟಿಸಿಕೊಂಡರು. ಮೂವರದು ಹಳದಿ, ಒಬ್ಬನದು ಹಸಿರು.

ಗುರಪಾದನ ಕೈಗೆ ಕೊನೆಯದನ್ನು ಕೊಟ್ಟಳು. ಅವನು ಅಂಟಿಸಿಕೊಂಡ. ಮೂವತ್ತು ಬಡಿತ ಎಣಿಸಿ ಬಿಲ್ಲೆ ಅಂಕಿ ಕಳಿಸಿತು. ಅದು ಸೊನ್ನೆ ತೋರಿಸಿದ್ದರೂ ದಾನಮ್ಮ ಅಷ್ಟು ಬೆಚ್ಚುತ್ತಿರಲಿಲ್ಲ. ಐನೂರ ಇಪ್ಪತ್ತೇಳು. ಅವ್ವನದಕ್ಕಿಂತ ಹೆಚ್ಚು. ಅವನು ಎಷ್ಟು ದಿನದಿಂದ ಹೀಗೆ ಟ್ರ್ಯಾಕ್ಟರು ಓಡಿಸುತ್ತಿದ್ದನೋ, ಇವತ್ತು ಹೀಗೇ ತೋಟದಿಂದ ಮನೆಗೆ ಓಡಿ ಹೇಗೆ ಉಳಿದನೋ, ಇನಾಮದಾರರಿಗೂ ಹೇಳಲಾಗಲಿಲ್ಲ. ಅವರು ಅವನ ತೋಳು ಹಿಡಿದು, ನಡೆಯಲೂ ಬಿಡದೆ ಗಾಲಿಕುರ್ಚಿಯಲ್ಲಿ ಕೂರಿಸಿ, ತಾಯಿಯ ಪಕ್ಕದ ಮಂಚಕ್ಕೆ ಒಯ್ದರು.

ಮರುದಿನ ಬೆಳಿಗ್ಗೆ ಕಾಶೀಬಾಯಿ ಎದ್ದು ಕೂರುವಷ್ಟಾಗಿದ್ದಳು. ಮಗನ ಮಂಚದ ಮೇಲೆ ತೂಗುತ್ತಿದ್ದ ಪರದೆಯನ್ನೇ ನೋಡುತ್ತಿದ್ದಳು. ಅವನು ಔಷಧಿಯ ಮಂಪರಿನಲ್ಲಿದ್ದ. ಮಗಳನ್ನು ಹತ್ತಿರ ಕರೆದಳು.

"ನಾ ಬ್ಯಾಡ ಅಂದಿದ್ರ ಇವನ ಬಿಲ್ಲಿ ಇವನ ಎದಿ ಮ್ಯಾಲೇ ಇರತಿತ್ತು. ಅವತ್ತ ಕಾಣತಿತ್ತು. ಹೌದಲ್ಲವಾ?"

ದಾನಮ್ಮ ಸುಳ್ಳು ಹೇಳಬಹುದಿತ್ತು. ಹೇಳಬೇಕೆಂದೂ ಅನಿಸಿತು. ಆದರೆ ಇಷ್ಟು ದಿನದ ಸುಳ್ಳಿನ ಹಸಿರು ನೋಡಿ ಅವಳಿಗೆ ಸಾಕಾಗಿತ್ತು.

"ಹೌದು ಅವ್ವ."

ಕಾಶೀಬಾಯಿ ಅಳಲಿಲ್ಲ. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಹಂಗಾರ ಅದನ್ನ ಓದೂದು ನನಗೂ ಕಲಸು."

ಶಾಲೆಯ ಮೆಟ್ಟಿಲು ಹತ್ತದವಳಿಗೆ ದಾನಮ್ಮ ಬೆರಳಿಟ್ಟು ತೋರಿಸಿದಳು. ಇಲ್ಲಿ ಚೂಪಾಗಿ ಏಳುತ್ತದಲ್ಲ, ಅದು ಬಡಿತ. ಅಲ್ಲಿಂದ ಈ ಸಣ್ಣ ಗುಡ್ಡ ಇಳಿದು ಮುಗಿಯುವ ತನಕ ಅದರ ಬಿಡುವು. ಆ ಗುಡ್ಡ ದೂರ ಸರಿದರೆ ಕೆಟ್ಟದ್ದು, ಹತ್ತಿರ ಬಂದರೆ ಒಳ್ಳೆಯದು. ಕಾಶೀಬಾಯಿ ಎರಡು ಸಲ ಕೇಳಿಸಿಕೊಂಡಳು. ಮೂರನೆಯ ಸಲ ತಾನೇ ಹೇಳಿ ಒಪ್ಪಿಸಿದಳು. ಆಮೇಲೆ ಊಟದ ತಟ್ಟೆ ಬಂದರೂ ಕಣ್ಣು ತೆಗೆಯಲಿಲ್ಲ. ಒಮ್ಮೆ ಇನಾಮದಾರರು ಬಂದು ನೀವು ಮಲಗಬೇಕು ಎಂದು ಗದರಿಸಿದರು, ಹ್ಞೂಂ ಎಂದು ಅಡ್ಡಾಗಿ ಅಲ್ಲಿಂದಲೇ ನೋಡಿದಳು.

ರಾತ್ರಿ ಹನ್ನೆರಡರ ಸುಮಾರಿಗೆ ದಾನಮ್ಮ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಅವ್ವನ ಕೈ ಅವಳ ಮೊಣಕಾಲನ್ನು ಬಿಗಿಯಾಗಿ ಹಿಡಿಯಿತು.

"ಗುಡ್ಡ ಸರೀತು. ಡಾಕ್ಟರ್‌ಬಾಯೀನ್ನ ಕರಿ."

ದಾನಮ್ಮ ಕಣ್ಣುಜ್ಜಿಕೊಂಡು ಪರದೆ ನೋಡಿದಳು, ಏನೂ ಕಾಣಲಿಲ್ಲ. ಆದರೂ ಎದ್ದು ಓಡಿದಳು. ಇನಾಮದಾರರು ಮದ್ದಿನ ಸೂಜಿ ಹಿಡಿದು ಬಾಗಿಲಿಗೆ ಬರುವ ಹೊತ್ತಿಗೆ ಯಂತ್ರ ಆಗಷ್ಟೇ ಅದನ್ನು ಕಂಡು ಕೂಗಲು ಶುರುಮಾಡಿತು.